ಗೊಬ್ಬರ ಮಾರುವ ಮುನ್ನ ತರಕಾರಿಯ ಬೇರು ನೋಡಿ

ಕರು ಸೊರಗಿ, ಹೊಟ್ಟೆ ದಪ್ಪವಾಗಿ, ಮೈರೋಮ ಒರಟಾದರೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಜಂತುಹುಳು ಎಂದು ಗೊತ್ತಾಗುತ್ತದೆ. ಅದೇ ಮನೆಯ ಟೊಮೆಟೊ, ಬೀನ್ಸ್ ಗಿಡ ಹಳದಿಯಾಗಿ ಗಿಡ್ಡಕ್ಕೆ ನಿಂತರೆ ಮಾತ್ರ ‘ಗೊಬ್ಬರ ಸಾಲದು’ ಎಂದು ಯೂರಿಯಾ ಎರಚುತ್ತೇವೆ. ಸಹೋದರಿಯರೇ, ಗಿಡಕ್ಕೂ ಜಂತುಹುಳು ಬರುತ್ತದೆ. ಕರುವಿನದು ಬೇರೆ, ಗಿಡದ್ದು ಬೇರೆ. ಗಿಡದ್ದು ಇರುವುದು ಬೇರಿನಲ್ಲಿ.

ಬೇರುಗಂಟು ಜಂತುಹುಳು ಬರಿಗಣ್ಣಿಗೆ ಕಾಣುವುದಿಲ್ಲ, ಅದರ ಕೆಲಸ ಕಾಣುತ್ತದೆ. ಗಿಡ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತದೆ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಬೀನ್ಸ್‌ನಲ್ಲಿ ಒಂದು ಎಚ್ಚರ ಬೇಕು: ಬೇರಿನ ಪಕ್ಕಕ್ಕೆ ಅಂಟಿಕೊಂಡು, ಉಜ್ಜಿದರೆ ಉದುರುವ ಸಣ್ಣ ಗಂಟುಗಳು ಸಾರಜನಕ ಕೊಡುವ ಒಳ್ಳೆಯ ಗಂಟುಗಳು. ಬೇರೇ ಊದಿಕೊಂಡು, ಉಜ್ಜಿದರೂ ಬಿಡದಿದ್ದರೆ ಅದು ಹುಳುವಿನದು. ಒಂದೊಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೇ ಮುಂದಿನ ತಲೆಮಾರು ಸಿದ್ಧ.

ಮಳೆಗಾಲದಲ್ಲಿ ಭತ್ತದ ಗದ್ದೆಯಲ್ಲಿ ನಿಲ್ಲುವ ನೀರು ಈ ಹುಳುವನ್ನು ಹದ್ದಿನಲ್ಲಿಡುತ್ತದೆ. ಈಗ ನಮ್ಮ ಎಷ್ಟೋ ಗದ್ದೆಗಳಲ್ಲಿ ಭತ್ತದ ಜಾಗಕ್ಕೆ ಶುಂಠಿ ಬಂದಿದೆ, ಅದರ ಹಿಂದೆಯೇ ಹಸಿಮೆಣಸು, ಬೀನ್ಸ್. ಇವೆಲ್ಲವೂ ಅದಕ್ಕೆ ಊಟ. ಕಾಳುಮೆಣಸಿನ ಬಳ್ಳಿಯನ್ನೂ ಅದು ಬಿಡುವುದಿಲ್ಲ.

ಇದಕ್ಕೆ ಹರಳು ವಿಷ ಸುರಿಯುವವರಿದ್ದಾರೆ. ಫೋರೇಟ್ 2020ರ ಡಿಸೆಂಬರ್ ಕೊನೆಯಿಂದಲೇ ದೇಶದಲ್ಲಿ ನಿಷೇಧವಾಗಿದೆ. ಹಳೆಯ ದಾಸ್ತಾನು ಯಾರಾದರೂ ಕೊಟ್ಟರೂ ತರಬೇಡಿ. ಬದುವಿನ ಹುಲ್ಲು ಕೊಯ್ದು ಹಸುವಿಗೆ ಹಾಕುವವರು ನಾವು. ವಿಷ ಬಿದ್ದ ಜಾಗದ ಹುಲ್ಲು ಕೊಟ್ಟಿಗೆಗೆ ಬಂದರೆ ಅಪಾಯ ಹಸುವಿಗೂ ಹೌದು, ಹಾಲಿಗೂ ಹೌದು.

ದಾರಿ ನಮ್ಮ ಕೊಟ್ಟಿಗೆಯಲ್ಲೇ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದಕ್ಕೆ ಜೈವಿಕ ಪುಡಿಗಳನ್ನು ರೂಪಿಸಿದೆ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್, ಪೆಸಿಲೋಮೈಸಿಸ್ ತಲಾ 2 ಕಿಲೋ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಮುಚ್ಚಿ, ವಾರಕ್ಕೊಮ್ಮೆ ತಿರುವಿ 15 ದಿನ ಇಡಬೇಕು. ಆಮೇಲೆ ಸಸಿಮಡಿಗೂ ನಾಟಿ ಗುಣಿಗೂ ಹಾಕಬೇಕು. ಬೇವಿನ ಹಿಂಡಿ ಸೇರಿದರೆ ಇನ್ನೂ ಒಳ್ಳೆಯದು. ನಡುವೆ ಒಂದು ಬೆಳೆ ಚೆಂಡುಹೂ ಹಾಕಿ. ಗಂಟಾದ ಬೇರನ್ನು ತಿಪ್ಪೆಗೆ ಎಸೆಯದೆ ಸುಟ್ಟುಬಿಡಿ. ಇದರಿಂದ ಹುಳು ಪೂರ್ತಿ ನಾಶವಾಗುವುದಿಲ್ಲ, ಬೆಳೆ ಕೈಗೆ ಬರುವಷ್ಟು ತಗ್ಗುತ್ತದೆ. ಹಸಿ ಸೆಗಣಿಯಿಂದ ಈ ಕೆಲಸ ಆಗುವುದಿಲ್ಲ. ನಮ್ಮ ಮಳೆಗೆ ಬಯಲಲ್ಲಿ ಬಿಟ್ಟ ತಿಪ್ಪೆಯ ಸಾರವೂ ಉಳಿಯುವುದಿಲ್ಲ, ಮೇಲೊಂದು ಮಾಡು ಬೇಕು.

ನನ್ನ ಮಾತು ಇಷ್ಟು. ಸೆಗಣಿ ಬಾಚುವವರು ನಾವು. ಗೊಬ್ಬರ ಯಾರಿಗೆ, ಎಷ್ಟು ಲೋಡು, ಎಷ್ಟಕ್ಕೆ ಎಂಬ ಮಾತುಕತೆಯಲ್ಲಿ ಮಾತ್ರ ನಾವು ಇರುವುದಿಲ್ಲ. ತಿಪ್ಪೆ ಪೂರ್ತಿ ಟ್ರ್ಯಾಕ್ಟರ್ ಹತ್ತಿ ಹೋದ ಮೇಲೆ ಹಿತ್ತಲ ತರಕಾರಿಗೆ ಚೀಲದ ಗೊಬ್ಬರ, ಅಂಗಡಿಯ ವಿಷ ಕೊಂಡು ತರುತ್ತೇವೆ. ಇದು ಲಾಭದ ಲೆಕ್ಕವಲ್ಲ. ಮಾರುವುದು ತಪ್ಪಲ್ಲ, ಆದರೆ ಮೊದಲ ಪಾಲು ನಮ್ಮ ಮಣ್ಣಿಗೆ ಎತ್ತಿಡಬೇಕು. ಅಳೆಯುವಾಗ ನಾವೂ ಅಲ್ಲಿ ನಿಂತಿರಬೇಕು.

ಸಂಘಗಳಿಗೂ ಒಂದು ಕೋರಿಕೆ. ಪಶು ಆಹಾರ, ಖನಿಜ ಮಿಶ್ರಣ ಸಿಗುವ ಜಾಗದಲ್ಲೇ ಈ ಜೈವಿಕ ಪುಡಿಗಳೂ ಸಿಗಲಿ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಎರಡೂ ನಮ್ಮ ಜಿಲ್ಲೆಯಲ್ಲೇ ಇವೆ. ಅಲ್ಲಿಯವರನ್ನು ಕರೆಸಿ ಒಂದು ದಿನದ ತರಬೇತಿ ಕೊಡಿಸಲಿ. ಬರುವ ಮಹಾಸಭೆಯಲ್ಲಿ ಇದನ್ನು ಕೇಳೋಣ. ಕೇಳುವಾಗ ಗಂಟು ಕಟ್ಟಿದ ಬೇರೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದು ತೋರಿಸೋಣ.