ಲಾರಿ ಬಾಡಿಗೆ ಕೊಟ್ಟಾಯ್ತು, ಗೇಟಿನಿಂದ ಮಳಿಗೆಗೆ ಎಷ್ಟು?



ರಾಗಿ, ನವಣೆ, ಸಾಮೆ ಬೆಳೆಯುವ ನಮ್ಮನ್ನು ಈಗ ಎಲ್ಲರೂ ಮೇಳಕ್ಕೆ ಕರೆಯುತ್ತಾರೆ. 2018ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸಾವಯವ ಮತ್ತು ಸಿರಿಧಾನ್ಯ ಅಂತರರಾಷ್ಟ್ರೀಯ ವಾಣಿಜ್ಯ ಮೇಳ ಆಯಿತು. 2023 ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆಯೇ ಸಾರಿತು. ಮಧ್ಯವರ್ತಿ ಇಲ್ಲದೆ ನೀವೇ ಮಾರಿ ಅಂತ ಉಪದೇಶ. ಒಳ್ಳೆಯದೇ. ಆದರೆ ನಮ್ಮ ರೈತ ಉತ್ಪಾದಕ ಕಂಪನಿಗಳ ಮಾಲು ಮೇಳದ ಗೇಟು ದಾಟುವಾಗ ಅಲ್ಲೊಬ್ಬ ಮಧ್ಯವರ್ತಿ ನಿಂತಿರುತ್ತಾನೆ. ಅವನ ವಿಷಯ ಯಾವ ಭಾಷಣದಲ್ಲೂ ಬರೋದಿಲ್ಲ.

ದೊಡ್ಡ ವ್ಯಾಪಾರ ಮೇಳಗಳಲ್ಲಿ ಸರಕು ಇಳಿಸಿ ಮಳಿಗೆಗೆ ಮುಟ್ಟಿಸಲು ಸಂಘಟಕರು ಒಬ್ಬ ಏಜೆಂಟನನ್ನು ನೇಮಿಸುವುದು ವಾಡಿಕೆ. ಫೋರ್ಕ್‌ಲಿಫ್ಟ್ ಅವನದು, ಆಳುಗಳು ಅವನವರು, ದರವೂ ಅವನದೇ. ಖಾಲಿ ಪೆಟ್ಟಿಗೆ ಇಡಲು ಬೇರೆ, ಹೊತ್ತು ಮೀರಿ ಬಂದರೆ ಬೇರೆ, ಮೇಳ ಮುಗಿದ ಮೇಲೆ ಹೊರಗೆ ತರಲು ಮತ್ತೊಂದು. ಬೆವರು ಸುರಿಸಿ ಹೊರುವ ಹಮಾಲಿಯ ಮೇಲೆ ನಮಗೆ ಸಿಟ್ಟಿಲ್ಲ, ಈ ದುಡ್ಡು ಅವನ ಕೈಗೆ ಪೂರ್ತಿ ಸೇರುವುದೂ ಇಲ್ಲ.

ಲೆಕ್ಕ ನೋಡಿ. ಇಲ್ಲಿ ತೂಕದ ಜೊತೆಗೆ ಗಾತ್ರವನ್ನೂ ಅಳೆಯುತ್ತಾರೆ. 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ರಟ್ಟಿನ ಪೆಟ್ಟಿಗೆ ಹತ್ತು ಸೇರಿದರೆ ಹೆಚ್ಚುಕಡಿಮೆ ಒಂದು ಘನ ಮೀಟರ್. ಕನಿಷ್ಠ ಬಿಲ್ಲು ಒಂದು ಘನ ಮೀಟರಿಗೆ ಅಂತ ದರಪಟ್ಟಿಯಲ್ಲಿದ್ದರೆ ಮೂರು ಪೆಟ್ಟಿಗೆ ತಂದವನೂ ಹತ್ತರ ದುಡ್ಡು ಕಟ್ಟಬೇಕು. ಮೂರು ಸಂಘದವರು ಮೂರು ಮೂರು ಪೆಟ್ಟಿಗೆ ಬೇರೆ ಬೇರೆ ಕಳಿಸಿದರೆ ಮೂರು ಬಿಲ್ಲು. ಒಂದೇ ಹೆಸರಿನಲ್ಲಿ, ಒಂದೇ ರಶೀದಿಯಲ್ಲಿ ಕಳಿಸಿದರೆ ಒಂದೇ ಬಿಲ್ಲು. ಕೊರಿಯರ್‌ನವರದೂ ಇದೇ ಆಟ. ಉದ್ದ, ಅಗಲ, ಎತ್ತರ ಗುಣಿಸಿ ಬಹಳ ಕಡೆ 5000ದಿಂದ ಭಾಗಿಸುತ್ತಾರೆ. ಅದೇ ಪೆಟ್ಟಿಗೆಯೊಳಗೆ ಐದು ಕಿಲೋ ಜೋಳದ ಅರಳು ಇದ್ದರೂ ಬಾಡಿಗೆ 19 ಕಿಲೋ ಚಿಲ್ಲರೆಗೆ. ಗಾಳಿಗೂ ಬಾಡಿಗೆ ಕಟ್ಟಿದ ಹಾಗಾಯಿತು!

ಈ ದುಡ್ಡು ಎಲ್ಲಿಂದ ಬರಬೇಕು? ಸದಸ್ಯರ ಷೇರು ಹಣದಿಂದ, ಇಲ್ಲವೇ ಬಡ್ಡಿಗೆ ತಂದ ಸಾಲದಿಂದ. ಮಳಿಗೆ ಬಾಡಿಗೆ ಮಾಫಿ ಅಂದ ಕೂಡಲೇ ಹಿಗ್ಗಬೇಡಿ.

ಎಪಿಎಂಸಿಯನ್ನು ಬೈಯಲು ನಮಗೆ ಕಾರಣ ಬೇಕಾದಷ್ಟಿವೆ. ಆದರೂ ಅಲ್ಲಿ ಹಮಾಲಿಗೆ, ತೂಕದ ಕೂಲಿಗೆ ಸಮಿತಿ ಗೊತ್ತುಮಾಡಿದ ದರ ಅಂತ ಒಂದಿದೆ, ಹೆಚ್ಚು ಕಿತ್ತರೆ ಜಗಳ ಆಡಲು ಆಧಾರವಿದೆ. ಅನುಮತಿ ಇಲ್ಲದೆ ಸಾಲ ವಸೂಲಿಗೆ ಊರೊಳಗೆ ಬರಕೂಡದು ಅಂತ 1980ರ ದಶಕದಲ್ಲಿ ಊರ ಬಾಗಿಲಿಗೆ ಬೋರ್ಡು ನೆಟ್ಟವರು ನಾವು. ಮೇಳದ ಬಾಗಿಲಿಗೂ ಒಂದು ಬೋರ್ಡು ಹಾಕಿಸಬೇಕು. ಇಳಿಸಲು ಇಷ್ಟು, ಒಯ್ಯಲು ಇಷ್ಟು, ಕನಿಷ್ಠ ಇಷ್ಟು ಅಂತ. ಅರ್ಜಿ ನಮೂನೆಯಲ್ಲೇ ಅದು ಅಚ್ಚಾಗಲಿ.

ಅಲ್ಲಿಯವರೆಗೆ ಮೇಳಕ್ಕೆ ಮಾದರಿ ಮತ್ತು ಆ ದಿನ ಖರ್ಚಾಗುವಷ್ಟು ಮಾತ್ರ ಒಯ್ಯಿರಿ. ಕೈಯಲ್ಲಿ ಹೊತ್ತು ತರಲು ಬಿಡುತ್ತಾರೋ, ನಮ್ಮದೇ ತಳ್ಳುಗಾಡಿ ನಡೆಯುತ್ತದೋ ಮೊದಲೇ ಕೇಳಿ. ಸಗಟು ಆರ್ಡರು ಬಂದರೆ ಬರೆದುಕೊಳ್ಳಿ, ಮೂಟೆ ಊರಿಂದಲೇ ನೇರ ಕೊಳ್ಳುವವನ ಗೋದಾಮಿಗೆ ಹೋಗಲಿ, ಲಾರಿ ಬಾಡಿಗೆ ಯಾರದು ಅಂತ ಅಲ್ಲೇ ಬರೆಸಿ. ಮುಂದಿನ ಮೇಳದ ಅರ್ಜಿ ಬಂದಾಗ ತಾಲ್ಲೂಕಿನ ಸಂಘಗಳವರೆಲ್ಲ ಒಟ್ಟಿಗೆ ಕೂತು ದರಪಟ್ಟಿ ಕೇಳಿ ಕಾಗದ ಬರೆಯಿರಿ. ಉತ್ತರ ಬರುವ ತನಕ ಮುಂಗಡ ಕಟ್ಟಬೇಡಿ.