ಕೂಲಿಕಾರರು ಕಟ್ಟಿದ ಆಸ್ಪತ್ರೆ

ಸಂಘವೆಂದರೆ ಕೂಲಿ, ಬೋನಸ್ಸು, ಮುಷ್ಕರ, ಇಷ್ಟೇ ಎಂದು ತಿಳಿದವರು ನಮ್ಮಲ್ಲಿಯೂ ಉಂಟು. ಅಂಥವರು ಛತ್ತೀಸಗಢದ ದಲ್ಲಿ ರಾಜಹರಾದ ಶಹೀದ್ ಆಸ್ಪತ್ರೆಯ ಚರಿತ್ರೆಯನ್ನು ಅರಿಯಬೇಕೆಂದು ನಮ್ಮ ಅಪೇಕ್ಷೆ.

ಭಿಲಾಯಿಯ ಉಕ್ಕಿನ ಕಾರ್ಖಾನೆಗೆ ಅದಿರು ಒದಗಿಸಿದ ಗುಡ್ಡಗಳು ಅಲ್ಲಿನವು. ಗುತ್ತಿಗೆದಾರರ ಕೈಕೆಳಗೆ ಅದಿರು ಒಡೆದು ಲಾರಿಗೆ ತುಂಬುತ್ತಿದ್ದ ಸಾವಿರಾರು ಕೂಲಿಗಳು 1977ರಲ್ಲಿ ಶಂಕರ್ ಗುಹಾ ನಿಯೋಗಿಯವರ ಮುಂದಾಳುತನದಲ್ಲಿ ತಮ್ಮದೇ ಸಂಘ ಕಟ್ಟಿದರು. ಅದೇ ವರ್ಷ ಜೂನ್ 2 ಮತ್ತು 3ರಂದು ಪೋಲೀಸರ ಗುಂಡಿಗೆ 11 ಮಂದಿ ಬಲಿಯಾದರು. ಮುಂದೆ ಸಂಘದ ಉಪಾಧ್ಯಕ್ಷೆಯೊಬ್ಬರು ಸರಿಯಾದ ಆರೈಕೆಯಿಲ್ಲದೆ ಹೆರಿಗೆಯಲ್ಲಿ ತೀರಿಕೊಂಡರು. ಆ ಸಾವಿನ ಸಂಕಟದಲ್ಲಿಯೇ ಕೂಲಿಕಾರರು ತಮ್ಮ ಆಸ್ಪತ್ರೆಯನ್ನು ತಾವೇ ಕಟ್ಟುವ ಪಣ ತೊಟ್ಟರು.

1982ರಲ್ಲಿ ಸಣ್ಣದೊಂದು ಔಷಧಾಲಯ ಆರಂಭವಾಯಿತು. 1983ರ ಜೂನ್ 3ರಂದು, ಹುತಾತ್ಮರ ದಿನದಂದೇ, 15 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಹಣ ಕೂಲಿಕಾರರ ವಂತಿಗೆಯದು. ಕಲ್ಲು ಮಣ್ಣು ಹೊತ್ತ ತೋಳುಗಳೂ ಅವರವೇ. ಬಾಗಿಲು ತೆರೆಯಲು ಮಂತ್ರಿಗಳನ್ನು ಕರೆಯಲಿಲ್ಲ. ಒಬ್ಬ ಹಿರಿಯ ಕೂಲಿ, ಒಬ್ಬ ಹಿರಿಯ ರೈತ ಆ ಕೆಲಸ ಮಾಡಿದರು. ಬಿನಾಯಕ್ ಸೇನ್, ಶೈಬಾಲ್ ಜಾನಾರಂಥ ವೈದ್ಯರು ಬಂದು ನೆಲಸಿದರು. ಗಣಿಕೂಲಿಗಳೇ ತರಬೇತಿ ಪಡೆದು ಆರೋಗ್ಯ ಕಾರ್ಯಕರ್ತರಾದರು. ವಾಂತಿಭೇದಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವುದನ್ನು ಮನೆಮನೆಗೆ ಕಲಿಸಿದರು. ಬೇಡದ ಸೂಜಿಮದ್ದಿನ ವ್ಯಾಪಾರವನ್ನು ಬಯಲಿಗೆಳೆದರು. ಸುತ್ತಲಿನ ಹಳ್ಳಿಗಳ ಬಡವರಿಗೂ ಅದೇ ಆಸರೆಯಾಯಿತು. 1991ರ ಸೆಪ್ಟೆಂಬರ್ 28ರಂದು ನಿಯೋಗಿಯವರನ್ನು ಮಲಗಿದ್ದಲ್ಲೇ ಗುಂಡಿಟ್ಟು ಕೊಂದರು. ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲ.

ಬಡವರೇ ಆಸ್ಪತ್ರೆ ಕಟ್ಟಿಕೊಂಡರೆ ಸರ್ಕಾರವನ್ನು ಹೊಣೆಯಿಂದ ಬಿಡಿಸಿದಂತಾಗದೆ, ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಊರೂರಿನ ಸಂಘಗಳೂ ಚಂದಾ ಎತ್ತಿ ಆಸ್ಪತ್ರೆ ಕಟ್ಟಲೆಂದು ನಾವು ಹೇಳುತ್ತಿಲ್ಲ. ತೆರಿಗೆ ಕೊಟ್ಟವನಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ. ಆದರೆ ಒಂದು ಆಸ್ಪತ್ರೆಯನ್ನು ಸ್ವತಃ ನಡೆಸಿದವನಿಗೆ ಮದ್ದಿನ ಬೆಲೆಯೆಷ್ಟು, ವೈದ್ಯನ ಕೆಲಸವೇನು ಎಂಬುದು ತಿಳಿಯುತ್ತದೆ. ಅವನನ್ನು ಯಾವ ಅಧಿಕಾರಿಯೂ ಮಾತಿನಲ್ಲಿ ಮರುಳುಮಾಡಲಾರ. ಸಂಘರ್ಷ ಮತ್ತು ನಿರ್ಮಾಣ ಜೋಡೆತ್ತುಗಳೆಂದು ನಿಯೋಗಿಯವರ ಸಂಘ ಸಾರಿದ್ದು ಇದಕ್ಕಾಗಿಯೇ.

ಗಿರಣಿಯ ಕಾರ್ಮಿಕನ ಕೈಯಲ್ಲಿ ಇ.ಎಸ್.ಐ. ಚೀಟಿಯಾದರೂ ಇದೆ, ಅವನ ಸಂಬಳದಿಂದ ಪ್ರತಿ ತಿಂಗಳೂ ಹಣ ಮುರಿಯುತ್ತದೆ. ಒಬ್ಬನೇ ಕುಳಿತು ನಡೆಸುವ ಸಣ್ಣ ಅಂಗಡಿಕಾರನಿಗೆ ಅದೂ ಇಲ್ಲ. ಮನೆಯಲ್ಲಿ ಒಂದು ಕಾಯಿಲೆ ಬಿದ್ದರೆ ಅಂಗಡಿಯ ಬಂಡವಾಳವೇ ಆಸ್ಪತ್ರೆಗೆ ಹೋಗುತ್ತದೆ. ಇಬ್ಬರ ಕಷ್ಟವೂ ಒಂದೇ. ಇಬ್ಬರೂ ಕೂಡಿ ನಿಲ್ಲಬೇಕು. ಮುಂದಿನ ಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಎದ್ದು ಕೇಳಿರಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ವೈದ್ಯರ ಜಾಗ ಖಾಲಿಯಿದೆ? ಯಾವ ಮದ್ದನ್ನು ಹೊರಗೆ ಕೊಂಡು ತರಲು ಬರೆದುಕೊಡುತ್ತಾರೆ? ಲೆಕ್ಕ ಬರೆದಿಡಿ. ಆ ಲೆಕ್ಕ ಹಿಡಿದು ನಾಲ್ಕು ಜನ ಕೂಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿರಿ.