ಗಂಜಿ ಯಾರ ಮನೆಯದು?

ಸ್ವೀಡಿಷ್ ಅರ್ಧಂಬರ್ಧ ಬರುವವನು ಸ್ವೀಡಿಷ್ ರ‍್ಯಾಪ್ ಜಗಳಕ್ಕೆ ಜಡ್ಜ್ ಆಗೋದು ಹೇಗೆ? ಆಫೀಸಿನಲ್ಲೂ ಇದನ್ನೇ ಕೇಳಿದರು. ಆದರೆ ನಾನು ತೀರ್ಪು ಕೊಟ್ಟಮೇಲೆ ಕೇಳಿದರು. ಅದಕ್ಕೆ ಮುಂಚೆ ಯಾರಿಗೂ ಈ ಅನುಮಾನ ಬಂದಿರಲಿಲ್ಲ.

ಸ್ಟಾಕ್‌ಹೋಮ್‌ನ ಕಿಸ್ತಾದಲ್ಲಿ (ಬರೆಯೋದು ಹಾಗೆ, ಅನ್ನೋದು ‘ಶಿಸ್ತಾ’) ಆಗ ನನ್ನ ಕೆಲಸ. ಡಿಸೆಂಬರ್ ಪಾರ್ಟಿಯಲ್ಲಿ ಇಬ್ಬರು ಡೆವಲಪರ್‌ಗಳು ತಮಾಷೆಗೆ ರ‍್ಯಾಪ್ ಬ್ಯಾಟಲ್ ಇಟ್ಟುಕೊಂಡರು. ಮೂವರು ಜಡ್ಜ್‌ಗಳಲ್ಲಿ ಒಬ್ಬ ಹೊರಗಿನವನಿರಲಿ ಅಂತ ನನ್ನನ್ನು ಕೂರಿಸಿದರು. ವಲಸೆ ಬಂದವರಿಗೆ ಅಲ್ಲಿ ಪುಕ್ಕಟೆ ಕಲಿಸೋ ಎಸ್‌ಎಫ್‌ಐ ಕ್ಲಾಸಿನಲ್ಲಿ ಎರಡು ವರ್ಷ ಬೆಂಚು ಸವೆಸಿದ್ದೆ. ಅಷ್ಟೇ ನನ್ನ ಅರ್ಹತೆ.

ಒಬ್ಬ ಸ್ಕೋನೆಯವನು. ಅದು ದೇಶದ ದಕ್ಷಿಣ ತುದಿ, 1658ರವರೆಗೆ ಡೆನ್ಮಾರ್ಕಿನ ಕೈಲಿದ್ದ ಸೀಮೆ. ಅಲ್ಲಿನವರ ‘ರ’ಕಾರ ಗಂಟಲಾಳದಿಂದ ಬರುತ್ತೆ, ಒಂದು ಸ್ವರ ಎರಡಾಗಿ ಎಳೆಯುತ್ತೆ. ‘ಬಾಯಲ್ಲಿ ಗಂಜಿ ಇಟ್ಕೊಂಡು ಮಾತಾಡ್ತಾರೆ’ ಅನ್ನೋದು ಸ್ಟಾಕ್‌ಹೋಮ್‌ನವರ ಹಳೇ ಗೇಲಿ. ಅದೇ ಗಂಜಿ ಬಾಯಲ್ಲಿ ಹಾಡಿ ಇಡೀ ದೇಶಕ್ಕೆ ಕೇಳಿಸಿದವನು ಟಿಂಬುಕ್ಟು, ಅಂದರೆ ಜೇಸನ್ ಡಿಯಾಕಿಟೆ. ನಮ್ಮ ಡೆವಲಪರ್ ಅವನ ಭಕ್ತ. ನಿಧಾನ, ಪೆದ್ದು ಮುಖ, ತನ್ನನ್ನೇ ಮೊದಲು ಗೇಲಿ ಮಾಡಿಕೊಳ್ಳೋ ಶೈಲಿ.

ಇನ್ನೊಬ್ಬ ಎಸ್ಟರ್‌ಮಾಲ್ಮ್ ಅನ್ನೋ ಶ್ರೀಮಂತ ಬಡಾವಣೆಯಲ್ಲಿ ಬೆಳೆದವನು. ಆವತ್ತು ಮಾತ್ರ ಬಾಯಿಗೆ ರಿಂಕೆಬಿ ಸ್ವೀಡಿಷ್ ತೊಟ್ಟು ಬಂದಿದ್ದ. ರಿಂಕೆಬಿ ನಮ್ಮ ಆಫೀಸಿಗೆ ಹತ್ತಿರದ, ವಲಸೆ ಕುಟುಂಬಗಳೇ ಹೆಚ್ಚಿರೋ ಬಡಾವಣೆ. ಶುದ್ಧ ಸ್ವೀಡಿಷ್‌ನಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಕೂರಬೇಕು: ‘ಇವತ್ತು ಹೋದೆ ನಾನು’. ರಿಂಕೆಬಿಯ ಹುಡುಗರು ‘ಇವತ್ತು ನಾನು ಹೋದೆ’ ಅಂದುಬಿಡ್ತಾರೆ. ನಮಗೆ ಅದೇ ಸರಿ ಅನ್ಸುತ್ತೆ, ನನ್ನ ಎಸ್‌ಎಫ್‌ಐ ಟೀಚರ್‌ಗೆ ಮಾತ್ರ ಕೆಂಪು ಪೆನ್ನು ತೆಗೆಯೋ ವಿಷಯ. ಈ ಮಾತನ್ನು ಉಲ್ಲಾ-ಬ್ರಿಟ್ ಕೋಟ್ಸಿನಾಸ್ ಎಂಬ ಭಾಷಾಶಾಸ್ತ್ರಜ್ಞೆ 1980ರ ದಶಕದಲ್ಲೇ ಅಧ್ಯಯನಕ್ಕೆ ಎತ್ತಿಕೊಂಡರು. ಇಂಥದೇ ಇನ್ನೊಂದು ಹೊರಬಡಾವಣೆಯ ‘ದ ಲ್ಯಾಟಿನ್ ಕಿಂಗ್ಸ್’ 1994ರ ಆಲ್ಬಂನಲ್ಲಿ ಅದನ್ನು ರ‍್ಯಾಪ್‌ಗೆ ತಂದರು. ಹುಡುಗಿ ಅನ್ನೋದಕ್ಕೆ ಟರ್ಕಿಶ್ ಮೂಲದ ‘ಗುಸ್’, ಕೆಟ್ಟದ್ದಕ್ಕೆ ‘ಕೆಫ್’, ಇವು 2006ರಲ್ಲಿ ಸ್ವೀಡಿಷ್ ಅಕಾಡೆಮಿಯ ಪದಪಟ್ಟಿಗೂ ಸೇರಿದವು. ಹೌದು, ಸಾಹಿತ್ಯಕ್ಕೆ ನೊಬೆಲ್ ಕೊಡೋ ಅದೇ ಅಕಾಡೆಮಿ.

ಶ್ರೀಮಂತ ಹುಡುಗ ಕೈ ಬೀಸಿ, ಟೋಪಿ ತಿರುಗಿಸಿ ಬಾಯಿ ತೆಗೆದ ಕೂಡಲೇ ಹಾಲ್ ಬಿದ್ದು ಬಿದ್ದು ನಕ್ಕಿತು. ಇನ್ನೂ ಒಂದು ಜೋಕೂ ಹೇಳಿರಲಿಲ್ಲ ಆಸಾಮಿ! ಪ್ರಾಸ ಕನ್ನಡಕ್ಕೆ ಬರಲ್ಲ, ಅರ್ಥ ಇಷ್ಟು: ‘ನಾನು ಕಾಂಕ್ರೀಟಿನ ನಡುವೆ ಬೆಳೆದವನು.’ ಸ್ಕೋನೆಯವನು ನಿಧಾನಕ್ಕೆ, ‘ಗೊತ್ತು, ನಿಮ್ಮಪ್ಪನ ಬೇಸಿಗೆ ಮನೆಯ ದೋಣಿ ಶೆಡ್ಡು ಕಾಂಕ್ರೀಟಿನದ್ದೇ’ ಅಂದ. ‘ಬಾಯಲ್ಲಿರೋ ಗಂಜಿ ನುಂಗಿ ಮಾತಾಡು’ ಅಂತ ಇವನು. ‘ಗಂಜಿ ನಮ್ಮಮ್ಮ ಕಾಸಿದ್ದು, ನೀನು ತಿಂತಿರೋದು ಯಾರ ತಟ್ಟೆಯಿಂದ ಎತ್ಕೊಂಡಿದ್ದು?’ ಅಂತ ಅವನು.

ಅಲ್ಲಿಗೆ ನನ್ನ ಪಾಲಿಗೆ ಆಟ ಮುಗಿದಿತ್ತು. ಆದರೆ ಉಳಿದ ಇಬ್ಬರು ಜಡ್ಜ್‌ಗಳು ‘ಎನರ್ಜಿ’ಗೆ, ‘ಸ್ಟೈಲ್’ಗೆ ಮಾರ್ಕ್ಸ್ ಸುರಿದರು. 2-1. ಗಂಜಿ ಸೋತಿತು.

ನನ್ನ ತಕರಾರು ಇಷ್ಟೇ. ಜಗಳದ ಹಾಡಿನಲ್ಲಿ ಅಳೆಯಬೇಕಾದ್ದು ಜವಾಬನ್ನು. ಬಾದಾಮಿ ಕಡೆಯ ನಮ್ಮೂರ ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಮೇಳ ಕೂತರೆ ಬೆಳಗಾಗೋದೇ ಗೊತ್ತಾಗ್ತಿರಲಿಲ್ಲ. ಗಂಡು ಹೆಚ್ಚು ಅಂತ ಹರದೇಶಿಯವರು, ಹೆಣ್ಣು ಹೆಚ್ಚು ಅಂತ ನಾಗೇಶಿಯವರು, ನಡುವೆ ದಪ್ಪು, ತುಂತುಣಿ. ಬೈಗುಳಕ್ಕೇನೂ ಕೊರತೆ ಇರ್ತಿರಲಿಲ್ಲ. ಆದರೆ ಸವಾಲಿಗೆ ಜವಾಬು ಕೊಡದೆ ಬರೀ ಕುಣಿದವನನ್ನು ನಮ್ಮಜ್ಜ ‘ಇವಂಗ ಉತ್ತರ ಇಲ್ಲ ಬಿಡ’ ಅಂತ ಒಂದೇ ಮಾತಿಗೆ ಮುಗಿಸ್ತಿದ್ದ.

‘ಕಾಮಿಡಿ ಕಣಯ್ಯಾ, ಯಾರನ್ನೂ ಮಿಮಿಕ್ರಿ ಮಾಡಬಾರದಾ?’ ಅಂದ ಒಬ್ಬ. ಧಾರಾಳವಾಗಿ ಮಾಡಿ. ಎದುರಿಗೆ ನಿಂತ ಸ್ಕೋನೆಯವನ ಮಾತನ್ನೇ ಅಣಕಿಸಿದ್ದರೆ ನಾನೇ ಮಾರ್ಕ್ಸ್ ಕೊಡ್ತಿದ್ದೆ, ಯಾಕಂದ್ರೆ ಅವನ ಕೈಲೂ ಮೈಕ್ ಇತ್ತು. ರಿಂಕೆಬಿಯವರ ಕೈಲಿ ಆವತ್ತು ಮೈಕ್ ಎಲ್ಲಿತ್ತು? ಹಾಗಂತ ಅವರು ಹಾಲ್‌ನಲ್ಲಿ ಇರಲೇ ಇಲ್ಲ ಅಂದ್ಕೋಬೇಡಿ. ನಮ್ಮ ಟೀಮಿನ ಟೆಸ್ಟರ್ ಅಲ್ಲೇ ಬೆಳೆದವಳು, ಹಿಂದಿನ ಸಾಲಲ್ಲಿ ಕೂತಿದ್ದಳು. ಬೇಜಾರಾಯ್ತಾ ಅಂತ ಕೇಳಿದೆ. ‘ಬೇಜಾರಲ್ಲ, ಬೋರ್. ಅವನು ಆಡಿದ್ದು ನಮ್ಮಣ್ಣ ಸ್ಕೂಲಿಗೆ ಹೋಗ್ತಿದ್ದ ಕಾಲದ ಮಾತು, ಈಗ ಯಾರೂ ಹಾಗೆ ಅನ್ನಲ್ಲ’ ಅಂದಳು. ನೋಡಿ, ಸ್ಟೈಲ್‌ಗೆ ಮಾರ್ಕ್ಸ್ ಕೊಟ್ಟ ಜಡ್ಜ್‌ಗಳಿಗೆ ಆ ಸ್ಟೈಲ್ ಹಳಸಿದೆ ಅನ್ನೋದೂ ಗೊತ್ತಿರಲಿಲ್ಲ. ಬಗ್ ಹಿಡಿದವಳು ಟೆಸ್ಟರೇ.

ನಾನೂ ಮೊದಲ ಎರಡು ನಿಮಿಷ ನಕ್ಕೆ, ಸುಳ್ಳು ಹೇಳಲ್ಲ. ಆಮೇಲೆ ಆ ನಗುವಿನ ಗುರುತು ಸಿಕ್ಕಿತು. ಬಿಇ ಓದುವಾಗ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಪ್ರತಿ ಫಂಕ್ಷನ್‌ಗೂ ನನ್ನನ್ನು ಸ್ಟೇಜ್ ಹತ್ತಿಸ್ತಿದ್ರು, ‘ನಿಮ್ ಕಡೆ ಭಾಷೆ ಮಾತಾಡೋ’ ಅಂತ. ಏನು ಹೇಳ್ತೀನಿ ಅನ್ನೋದು ಯಾರಿಗೂ ಬೇಕಿರಲಿಲ್ಲ, ‘ಏನ್‌ಲೇ’ ಅಂದರೆ ಸಾಕು ಚಪ್ಪಾಳೆ. ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ನಮ್ಮೂರಲ್ಲಿ ಯಾರೂ ಎಳೆಯದಷ್ಟು ಎಳೆದು ಆಡ್ತಿದ್ದೆ. ರಜೆಗೆ ಹೋದಾಗ ಅವ್ವನ ಮುಂದೆಯೂ ಹಾಗೇ ಬಾಯಿಗೆ ಬಂದುಬಿಟ್ಟಿತು. ‘ಯಾರನ್ನ ಅಣಕಸಾಕತ್ತೀಯೋ?’ ಅಂದಳು. ಅದಕ್ಕೆ ನನ್ನ ಹತ್ತಿರ ಜವಾಬಿರಲಿಲ್ಲ.

ಮತ್ತೆ ಜಡ್ಜ್ ಆಗು ಅಂದರೆ ಆಗ್ತೀನಿ. ಆದರೆ ಮಾರ್ಕ್ಸ್ ಪಟ್ಟಿ ಮೊದಲೇ ಗೋಡೆಗೆ ಅಂಟಿಸಿರಬೇಕು: ಜವಾಬಿಗೆ ಆರು, ಪ್ರಾಸಕ್ಕೆ ಮೂರು, ಟೋಪಿಗೆ ಬೇಕಾದರೆ ಒಂದು.